ಮೈ-ಕೈಯಲ್ಲಿ ಒಂದು ರಾತ್ರಿ

ಅಮೆರಿಕದ ಫ್ಲಾರಿಡಾ ಸಂಸ್ಥಾನದ ಫೋರ್ಟ್ ಲಾಡರ್‌ಡೇಲ್ ನಗರದಲ್ಲಿ ‘ಮೈ-ಕೈ’ ಎಂಬ ಹೆಸರಿನದೊಂದು ಊಟದ ಮನೆಯಿದೆ. ಮಗನ ಮನೆಗೆಂದು ಆ ಊರಿಗೆ ಹೋಗಿದ್ದಾಗ, ಒಂದು ಶನಿವಾರ ಅವನು, “ಅಪ್ಪಯ್ಯ, ಇವತ್ತು ರಾತ್ರಿ ಎಲ್ಲರೂ ಮೈ-ಕೈಗೆ ಹೋಗುವ” ಎಂದ. ನನ್ನಾಕೆ ಅಡುಗೆಮನೆಯಿಂದಲೇ, “ನನಗೇನೂ ಮೈ ಕೈ ನೋವಿಲ್ಲಪ್ಪ. ಇದ್ದರೂ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡರೆ ಸಾಕು, ಆಸ್ಪತ್ರೆ ಯಾಕೆ?” ಎಂದಳು. ಅದು ಆಸ್ಪತ್ರೆಯಲ್ಲ, ಶಾಂತಸಾಗರದ ದ್ವೀಪಗಳ ಮಾದರಿಯಲ್ಲಿ ಕಟ್ಟಿದ ಭೋಜನಶಾಲೆ ಎಂದು ಸೊಸೆ ತಿಳಿಯಹೇಳಿದಳು. ಹವಾಯಿಯ ಭಾಷೆಯಲ್ಲಿ ಆ ಶಬ್ದಕ್ಕೆ ಒಳ್ಳೆಯದು, ಸೊಗಸಾದದ್ದು ಎಂಬ ಅರ್ಥವಿದೆ. ಆದರೆ ನಮ್ಮ ಮನೆಯಲ್ಲಿ ಕೊನೆಯವರೆಗೂ ಉಳಿದದ್ದು ನನ್ನಾಕೆಯ ಅರ್ಥವೇ. ಅಲ್ಲಿ ಕಂಡದ್ದೆಲ್ಲ ಮೈಯ ಮತ್ತು ಕೈಯ ವ್ಯಾಪಾರವೇ ಆದ್ದರಿಂದ ಅದೂ ತಪ್ಪಾಗಲಿಲ್ಲ.

ಅಲ್ಲಿ ಊಟ ಮಾಡುತ್ತ ಕುಣಿತ ನೋಡಬಹುದೆಂದು ಮೊಮ್ಮಗಳು ಉತ್ಸಾಹದಿಂದ ಹೇಳಿದಳು. ನನ್ನ ಉತ್ಸಾಹ ಇಳಿದದ್ದು ಅಲ್ಲಿಯೇ. ತಲೆನೋವೆಂದು ನೆಪ ಹೇಳಿ ಮನೆಯಲ್ಲಿಯೇ ಉಳಿಯೋಣವೆಂದಿದ್ದೆ. ಕಾರಣವನ್ನು ಹೇಳುವುದಾದರೆ ಬಹಳ ಹಿಂದಕ್ಕೆ ಹೋಗಬೇಕು.

ನನ್ನ ತಂದೆಯವರು ಕುಂದಾಪುರದ ಕಡೆಯ ಯಕ್ಷಗಾನ ಮೇಳಗಳಲ್ಲಿ ಮದ್ದಳೆ ಬಾರಿಸುತ್ತಿದ್ದರು. ದೀಪಾವಳಿಯ ಹೊತ್ತಿಗೆ ಮೇಳ ಹೊರಟರೆ ಮಳೆಗಾಲದ ಬಾಗಿಲಿಗೆ ಗೆಜ್ಜೆ ಬಿಚ್ಚುವ ತನಕ ರಾತ್ರಿ ನಿದ್ದೆಯಿಲ್ಲ. ಗೆಜ್ಜೆ ಬಿಚ್ಚಿದ ಮೇಲೆ ಸಂಪಾದನೆಯಿಲ್ಲ. 1986ರ ಮಳೆಗಾಲದಲ್ಲಿ, ಬೆಂಗಳೂರಿನ ಕಾಲೇಜೊಂದರಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದ ನಾನು, ಪರಿಚಯದವರ ಮೂಲಕ ಅಲ್ಲಿಯ ಒಂದು ದೊಡ್ಡ ಹೋಟೆಲಿನಲ್ಲಿ ಅರ್ಧ ಗಂಟೆಯ ಆಟವನ್ನು ಗೊತ್ತುಮಾಡಿದೆ. ನಾಲ್ಕು ಕಾಸು ಸಿಕ್ಕೀತು, ದೊಡ್ಡ ಜನ ನೋಡಿಯಾರು ಎಂಬ ಆಸೆ. ಜಮಖಾನ ಹಾಸಿದ ಊಟದ ಸಭಾಂಗಣ. ವೇಷ ಬಂದಾಗ ತಿನ್ನುತ್ತಿದ್ದವರು ತಿನ್ನುತ್ತಲೇ ಇದ್ದರು. ಭಾಗವತರು ಪದ ಎತ್ತಿದಾಗ ಒಬ್ಬರು ಚಿಟಿಕೆ ಹೊಡೆದು ಮಾಣಿಯನ್ನು ಕರೆದರು. ಇನ್ನೊಬ್ಬರು ಕುರ್ಚಿಯನ್ನೇ ತಿರುಗಿಸಿಕೊಂಡು ಆಟಕ್ಕೆ ಬೆನ್ನು ಹಾಕಿದರು. ನಾನು ಕಂಬದ ಮರೆಯಲ್ಲಿ ನಿಂತು ಅಷ್ಟೂ ಹೊತ್ತು ಬೆವರಿದೆ. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ತಂದೆಯವರು ಆಡಿದ್ದು ಇಷ್ಟೇ: “ಜಮಖಾನದ ಮೇಲೆ ಹೆಜ್ಜೆ ಕೇಳುವುದಿಲ್ಲ ಮಾರಾಯ. ಹುಡುಗ ಒಂದು ಕಡೆ ಜಾರಿದ; ಒಂದು ಪೆಟ್ಟು ತಡೆದು ಹಿಡಿದೆ.” ನನ್ನನ್ನು ನೇರವಾಗಿ ಬಯ್ಯಲಾರದೆ ಜಮಖಾನವನ್ನು ಬಯ್ದರೆಂದು ನಾನು ತಿಳಿದೆ. ಆ ವಿಷಯವನ್ನು ಮುಂದೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಂದೆಯವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಮಗನಿಗೆ ಈ ಕಥೆಯನ್ನು ನಾನು ಹೇಳಿರಲಿಲ್ಲ.

ಅಂತೂ ಮೊಮ್ಮಗಳ ಮುಖ ನೋಡಿ ಹೊರಟದ್ದಾಯಿತು.

ಹೆದ್ದಾರಿಯ ಬದಿಯಲ್ಲಿ, ಮೋಟಾರುಗಳ ಭರಾಟೆಯ ನಡುವೆ, ಕಡಿದಾದ ದೊಡ್ಡ ಮಾಡು. ಮುಂದೆ ಉರಿಯುವ ಪಂಜುಗಳು, ತಾಳೆಯ ಮರಗಳು, ಹರಿಯುವ ನೀರು. ಒಳಹೊಕ್ಕರೆ ಹಗಲು ರಾತ್ರಿಗಳ ಭೇದ ತಿಳಿಯದ ಮಬ್ಬು. ಬಿದಿರು, ಹುಲ್ಲು, ಹಗ್ಗ, ಹಡಗಿನ ದೀಪ. ಎಲ್ಲಿ ತಿರುಗಿದರೂ ಕಣ್ಣು ಕೆರಳಿಸಿ ಬಾಯಿ ತೆರೆದು ನಿಂತ ಮರದ ವಿಗ್ರಹಗಳು. ಕರಾವಳಿಯಲ್ಲಿ ಹುಟ್ಟಿದವನಿಗೆ ತೆಂಗಿನ ಗರಿಯನ್ನೂ ಮಾಡಿನ ಹುಲ್ಲನ್ನೂ ಹಣ ಕೊಟ್ಟು ನೋಡುವುದು ವಿನೋದವೇ ಸರಿ. ಮೊಲೊಕಾಯ್ ಎಂಬ ದ್ವೀಪದ ಹೆಸರಿನ ಪಾನಶಾಲೆಯನ್ನು ಹಳೆಯ ಹಡಗಿನಂತೆ ಕಟ್ಟಿದ್ದಾರೆ. ಅದರ ಕಿಟಕಿಯ ಗಾಜುಗಳ ಮೇಲೆ ಸದಾ ನೀರು ಇಳಿಯುತ್ತಿರುತ್ತದೆ. ಹೊರಗೆ ನಕ್ಷತ್ರ ಮೂಡಿದ್ದರೂ ಒಳಗಿನವರಿಗೆ ಮಳೆಗಾಲ. “ಈ ಮಳೆಯನ್ನು ನೋಡಲು ಇಷ್ಟು ದೂರ ಬರಬೇಕಾಗಿತ್ತೇ!” ಎಂದಳು ನನ್ನಾಕೆ.

ಆದರೆ ನಿಜವಾದ ಮಳೆಯೂ ಈ ಮನೆಯನ್ನು ಬಿಟ್ಟಿಲ್ಲ. 2020ರ ಅಕ್ಟೋಬರಿನಲ್ಲಿ ಸುರಿದ ಭಾರೀ ಮಳೆಗೆ ಅಡುಗೆಯ ಭಾಗದ ಮಾಡು ಕುಸಿದುಬಿದ್ದು ಬಾಗಿಲು ಮುಚ್ಚಬೇಕಾಯಿತು. ಮತ್ತೆ ತೆರೆದದ್ದು ನಾಲ್ಕು ವರ್ಷಗಳ ಬಳಿಕ, 2024ರ ನವೆಂಬರಿನಲ್ಲಿ. ಒಂದು ಊಟದ ಮನೆ ಮುಚ್ಚಿದರೆ ಜನ ಇನ್ನೊಂದಕ್ಕೆ ಹೋಗುವುದು ಲೋಕರೂಢಿ. ಇದಕ್ಕಾಗಿ ಅವರು ಕಾದರು. ಆ ರಾತ್ರಿ ನಮ್ಮ ಪಕ್ಕದ ಮೇಜಿನಲ್ಲಿ ಕುಳಿತ ವೃದ್ಧ ದಂಪತಿಗಳು, ತಾವು ಮದುವೆಗೆ ಮೊದಲು ಬಂದದ್ದು ಇಲ್ಲಿಗೇ ಎಂದು ತಮ್ಮ ಮೊಮ್ಮಕ್ಕಳಿಗೆ ಹೇಳುತ್ತಿದ್ದರು.

ಇದನ್ನು ಕಟ್ಟಿದವರು ಬಾಬ್ ಮತ್ತು ಜಾಕ್ ಥಾರ್ನ್‌ಟನ್ ಎಂಬ ಅಣ್ಣತಮ್ಮಂದಿರು. ಬಾಗಿಲು ತೆರೆದದ್ದು 1956ರ ಡಿಸೆಂಬರ್ 28ರಂದು. 2014ರಲ್ಲಿ ಅಮೆರಿಕ ಸರಕಾರದ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಇದು ಸೇರಿತು. ಈ ಬಗೆಯ ಮನೆಗಳ ವಂಶಾವಳಿ ಇನ್ನೂ ಹಿಂದಿನದು. 1933ರ ಡಿಸೆಂಬರಿನಲ್ಲಿ ಅಮೆರಿಕದ ಪಾನನಿಷೇಧ ಕೊನೆಗೊಂಡಿತು. ಹೆಚ್ಚುಕಡಮೆ ಅದೇ ಸಮಯದಲ್ಲಿ ಅರ್ನೆಸ್ಟ್ ಗ್ಯಾಂಟ್ ಎಂಬ ಅಲೆಮಾರಿ, ಹಾಲಿವುಡ್ಡಿನಲ್ಲಿ ಪುಟ್ಟ ಪಾನಶಾಲೆಯೊಂದನ್ನು ತೆರೆದು, ಕಡಲಂಚಿನಲ್ಲಿ ಹೆಕ್ಕಿದ ಹಳೆಯ ಸಾಮಾನುಗಳಿಂದ ಅದನ್ನು ಸಿಂಗರಿಸಿದ. ‘ಡಾನ್ ದಿ ಬೀಚ್‌ಕೋಮರ್’ ಎಂಬ ಹೆಸರು ಅಂಗಡಿಗೂ ಅವನಿಗೂ ಒಟ್ಟಿಗೇ ಅಂಟಿತು. ಓಕ್‌ಲ್ಯಾಂಡಿನಲ್ಲಿ ವಿಕ್ಟರ್ ಬರ್ಜೆರಾನ್ ಎಂಬಾತ ‘ಟ್ರೇಡರ್ ವಿಕ್’ ಎಂಬ ಹೆಸರಿನಲ್ಲಿ ಅದೇ ದಾರಿ ಹಿಡಿದ.

ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಲ್ಲಿ ಕಾದಾಡಿದ ಸಹಸ್ರಾರು ಯುವಕರು ಮನೆಗೆ ಮರಳಿದರು. ಅಲ್ಲಿಯ ಕೆಸರನ್ನೂ ರಕ್ತವನ್ನೂ ಮರೆತು, ತೆಂಗಿನ ತೋಪನ್ನೂ ಬೆಳದಿಂಗಳನ್ನೂ ಮಾತ್ರ ನೆನಪಿಟ್ಟುಕೊಳ್ಳಲು ಅವರಿಗೆ ನೆರವು ಬೇಕಾಗಿತ್ತು. ಜೇಮ್ಸ್ ಮಿಚೆನರರ ದಕ್ಷಿಣ ಶಾಂತಸಾಗರದ ಕಥೆಗಳು 1947ರಲ್ಲಿ ಪ್ರಕಟವಾದುವು. 1949ರಲ್ಲಿ ಅವು ಸಂಗೀತನಾಟಕವಾದುವು. 1947ರಲ್ಲಿಯೇ ನಾರ್ವೆಯ ಥಾರ್ ಹೆಯರ್‌ಡಾಲ್ ‘ಕಾನ್-ಟಿಕಿ’ ಎಂಬ ತೆಪ್ಪದಲ್ಲಿ ಪೆರು ದೇಶದಿಂದ ಹೊರಟು 101 ದಿನ ತೇಲಿ ಪಾಲಿನೇಷ್ಯವನ್ನು ಮುಟ್ಟಿದ. 1959ರಲ್ಲಿ ಹವಾಯಿ ಅಮೆರಿಕದ 50ನೆಯ ಸಂಸ್ಥಾನವಾಯಿತು. ಈ ಗಾಳಿ ಬೀಸುತ್ತಿದ್ದಾಗ ಊರೂರಿನಲ್ಲಿ ಇಂಥ ಮನೆಗಳು ಎದ್ದುವು. ಗಾಳಿ ತಿರುಗಿದಾಗ ಬಹುತೇಕ ಬಿದ್ದುವು. ನಿಂತವುಗಳಲ್ಲಿ ಇದೊಂದು.

ಹಾಗಾದರೆ ಇಲ್ಲಿ ಪಾಲಿನೇಷ್ಯದ್ದೆಂಬುದು ಎಷ್ಟು? ಊಟ ಬರುವ ತನಕ ನಾನು ಇದೇ ಲೆಕ್ಕ ಹಾಕುತ್ತಿದ್ದೆ. ಅಡುಗೆಯ ತಳಹದಿ ಚೀಣಿಯರದು. ಬಾತುಕೋಳಿಯನ್ನೂ ಮಾಂಸವನ್ನೂ ಬೇಯಿಸುವುದು ಸೌದೆಯುರಿಯ ಚೀಣೀ ಒಲೆಗಳಲ್ಲಿ. ಪಾನೀಯಕ್ಕೆ ಸುರಿಯುವ ರಮ್ಮು ಕೆರಿಬಿಯನ್ ದ್ವೀಪಗಳ ಕಬ್ಬಿನದು. ಮೊದಲ ದಿನದಿಂದ ಆ ಪಾನೀಯಗಳನ್ನು ಹದಗೊಳಿಸಿ ಮನೆಗೆ ಹೆಸರು ತಂದ ಮರಿಯಾನೊ ಲಿಕುಡಿನ್, ಅದಕ್ಕೆ ಮೊದಲು ‘ಡಾನ್ ದಿ ಬೀಚ್‌ಕೋಮರ್’ನಲ್ಲಿ ಪಳಗಿದವರು, ಹುಟ್ಟಿನಿಂದ ಫಿಲಿಪ್ಪೀನ್ಸಿನವರು. ಯಜಮಾನರು ಅಮೆರಿಕದವರು. ನೆರೆದ ದೇವತೆಗಳಲ್ಲಿಯೂ ಹವಾಯಿಯವರೆಷ್ಟು, ಮಾರ್ಕೇಸಸ್ಸಿನವರೆಷ್ಟು, ನ್ಯೂಜಿಲೆಂಡಿನ ಮಾವೊರಿಗಳೆಷ್ಟು! ಸಾವಿರಾರು ಮೈಲಿ ನೀರು ನಡುವೆಯಿರುವ ಊರುಗಳ ದೇವರನ್ನೆಲ್ಲ ಒಂದೇ ಪಡಸಾಲೆಯಲ್ಲಿ ನಿಲ್ಲಿಸಿದ್ದಾರೆ. ಪಾಲಿಟ್ಟು ಕಳೆದರೆ ಶೂನ್ಯವೇ ಉಳಿದೀತೆಂದು ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ನನ್ನ ಮುಂದೆ ತರಕಾರಿ ಬೆರೆಸಿದ ಅನ್ನ ಬಂತು. ಅದು ರುಚಿಯಾಗಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಅಷ್ಟರಲ್ಲಿ ದೀಪ ತಗ್ಗಿತು, ವಾದ್ಯ ಮೊಳಗಿತು.

ತಹೀತಿಯ ‘ತೊಎರೆ’ ಎಂಬ ವಾದ್ಯಕ್ಕೆ ಚರ್ಮವಿಲ್ಲ. ಟೊಳ್ಳು ಮಾಡಿದ ಮರದ ದಿಮ್ಮಿ. ಉದ್ದಕ್ಕೆ ಒಂದು ಸೀಳು. ಕೋಲಿನಿಂದ ಹೊಡೆದರೆ ಎದೆಗೂಡಿಗೇ ಬಡಿಯುವ ಒಣನಾದ. ಚರ್ಮದ ಹೊದಿಕೆಯ ದೊಡ್ಡ ‘ಪಹು’ ಕೆಳಗಿನಿಂದ ಅದನ್ನು ಎತ್ತಿಹಿಡಿಯುತ್ತದೆ. ನರ್ತಕಿಯರು ಬಂದರು. ಭುಜ ಅಲುಗುವುದಿಲ್ಲ, ತಲೆಯ ಮೇಲಿನ ಕಿರೀಟ ಕದಲುವುದಿಲ್ಲ. ಮಂಡಿ ಬಾಗಿದ ನಿಲುವಿನಲ್ಲಿ ಸೊಂಟ ಮಾತ್ರ ತೊಎರೆಯ ಪ್ರತಿಯೊಂದು ಪೆಟ್ಟಿಗೂ ಲೆಕ್ಕ ಒಪ್ಪಿಸುತ್ತದೆ. ಗಂಡಸರ ಮಂಡಿಗಳು ಕತ್ತರಿಯ ಅಲಗುಗಳಂತೆ ತೆರೆದು ಮುಚ್ಚುತ್ತವೆ. ಇದಾದ ಮೇಲೆ ಹವಾಯಿಯ ಹುಲ. ಅದರಲ್ಲಿ ವೇಗವಿಲ್ಲ, ಕೈಗಳು ಕಥೆ ಹೇಳುತ್ತವೆ. ಗಾಳಿ, ಅಲೆ, ಹೂವು ಇವುಗಳನ್ನು ಬೆರಳಿನಲ್ಲಿ ತೋರಿಸುವುದನ್ನು ಕಂಡು ನನ್ನಾಕೆ, “ಇದು ನಮ್ಮ ಹಸ್ತಾಭಿನಯದ ಹಾಗೆಯೇ ಇದೆಯಲ್ಲ!” ಎಂದಳು. ಮೊಮ್ಮಗಳು ಚಮಚವನ್ನು ಕೆಳಗಿಟ್ಟು ಕುರ್ಚಿಯ ತುದಿಗೆ ಬಂದಿದ್ದಳು.

ನನ್ನ ಲೆಕ್ಕ ತಪ್ಪಲು ಆರಂಭವಾದದ್ದು ಇಲ್ಲಿ. ಅಡುಗೆ ಎಲ್ಲಿಯದೇ ಇರಲಿ, ಈ ಮಂಡಿಗಳು ಎರವಲಿನವಲ್ಲ. ತಹೀತಿಯಲ್ಲಿ ಹುಟ್ಟಿ, ನರ್ತಕಿಯಾಗಿ ಇಲ್ಲಿಗೆ ಬಂದು, ಬಾಬ್ ಥಾರ್ನ್‌ಟನ್ನರ ಕೈಹಿಡಿದ ಮಿರೇಯ್ ಥಾರ್ನ್‌ಟನ್ನರು 1960ರ ದಶಕದಿಂದ ಮೊದಲಾಗಿ ಈ ಕುಣಿತಗಳನ್ನು ಹೊಂದಿಸಿ, ಪೀಳಿಗೆಯ ಬಳಿಕ ಪೀಳಿಗೆಗೆ ಕಲಿಸಿದರು. ಈ ವಿದ್ಯೆ ಅವರ ಕೈಗೆ ಬಂದದ್ದಾದರೂ ಸುಲಭದ ದಾರಿಯಿಂದಲ್ಲ. ಕ್ರೈಸ್ತ ಪಾದ್ರಿಗಳ ಪ್ರಭಾವಕ್ಕೆ ಒಳಗಾಗಿ ತಹೀತಿಯ ದೊರೆಗಳು 1820ರ ಸುಮಾರಿಗೆ ಕುಣಿತವನ್ನು ನಿಷೇಧಿಸಿದರು. ಹವಾಯಿಯಲ್ಲಿ ರಾಣಿ ಕಾಅಹುಮಾನು 1830ರಲ್ಲಿ ಬಹಿರಂಗ ಹುಲವನ್ನು ತಡೆದಳು. ಅಲ್ಲಿ ದೊರೆ ಕಲಾಕೌಅ 1883ರ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಹುಲವನ್ನು ಮತ್ತೆ ಬೆಳಕಿಗೆ ತಂದ. ತಹೀತಿಯಲ್ಲಿ ಮರ್ಯಾದಸ್ಥರು ಆಡಬಾರದ ಆಟವೆಂಬ ಹೆಸರು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಉಳಿದಿತ್ತು. ಮದಲೇನ್ ಮೌಅ ಎಂಬ ಶಾಲಾ ಉಪಾಧ್ಯಾಯಿನಿ ‘ಹೇಇವ’ ಎಂಬ ತಂಡವನ್ನು ಕಟ್ಟಿ ಆ ಕಳಂಕವನ್ನು ತೊಡೆಯಲು ಹೊರಟದ್ದು 1956ರಲ್ಲಿ. ಇತ್ತ ಈ ಮನೆಯ ಬಾಗಿಲು ತೆರೆದದ್ದೂ ಅದೇ ವರ್ಷ. ಇವೆರಡಕ್ಕೂ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಕಡೆ ಮಾನಕ್ಕಾಗಿ, ಇನ್ನೊಂದು ಕಡೆ ಹಣಕ್ಕಾಗಿ, ಒಂದೇ ವಿದ್ಯೆ ಒಂದೇ ಕಾಲದಲ್ಲಿ ಜೀವ ಹಿಡಿಯಿತೆಂಬುದನ್ನು ಯೋಚಿಸಿದೆ.

ಇದರರ್ಥ ಎಲ್ಲವೂ ಸರಿಯೆಂದಲ್ಲ. ಇಂಥ ಊಟದ ಮನೆಗಳಲ್ಲಿ ಸ್ವರ್ಗವೆಂದು ಕೊಂಡಾಡಿದ ಆ ದ್ವೀಪಗಳ ಗುಂಪಿನಲ್ಲಿಯೇ, ಮೊರುರೋಅ ಮತ್ತು ಫಂಗಟೌಫ ಎಂಬ ಹವಳದ ದಿಬ್ಬಗಳಲ್ಲಿ, 1966ರಿಂದ 1996ರವರೆಗೆ ಫ್ರಾನ್ಸ್ 193 ಪರಮಾಣು ಸ್ಫೋಟಗಳನ್ನು ನಡೆಸಿತು. ಆ ಸುದ್ದಿ ಇಲ್ಲಿಯ ಮಬ್ಬು ಬೆಳಕಿನೊಳಕ್ಕೆ ಬರಲಾರದು. ಹೆಯರ್‌ಡಾಲನ ತೆಪ್ಪವನ್ನು ಲೋಕ ಕೊಂಡಾಡಿತು. ಆದರೆ ಆ ಜನರ ಪೂರ್ವಿಕರು ಅಲೆಗೆ ಮೈಯೊಡ್ಡಿ ತೇಲಿ ಬಂದವರಲ್ಲ, ನಕ್ಷತ್ರಗಳನ್ನೂ ಅಲೆಯ ಏರಿಳಿತವನ್ನೂ ಓದಿ ಹಡಗು ನಡೆಸಿದವರು. ಅದನ್ನು ಮನಗಾಣಿಸಲು 1976ರಲ್ಲಿ ‘ಹೋಕುಲೇಅ’ ಎಂಬ ಜೋಡಿ ದೋಣಿ ಹವಾಯಿಯಿಂದ ತಹೀತಿಗೆ ಯಾವ ಉಪಕರಣವೂ ಇಲ್ಲದೆ ಹೋಗಬೇಕಾಯಿತು. ಅದಕ್ಕೆ ದಾರಿ ತೋರಿದ ಮೌ ಪಿಯಾಯ್ಲುಗ್ ಮೈಕ್ರೊನೇಷ್ಯದ ಪುಟ್ಟ ದ್ವೀಪದವರು; ಹವಾಯಿಯಲ್ಲಿ ಆ ವಿದ್ಯೆ ಬಲ್ಲವರು ಉಳಿದಿರಲಿಲ್ಲ. ಬಳಸದ ವಿದ್ಯೆ ಹೀಗೆ ಸಾಯುತ್ತದೆ. ಊಟದವರ ಮುಂದಾದರೂ ಬಳಕೆಯಲ್ಲಿದ್ದ ವಿದ್ಯೆ ಉಸಿರಾಡುತ್ತಿರುತ್ತದೆ.

ಕೊನೆಗೆ ಬಂದದ್ದು ಸಮೋವದ ಬೆಂಕಿಯ ಕತ್ತಿಯ ಕುಣಿತ. ಎರಡೂ ತುದಿಗೆ ಉರಿ ಹಚ್ಚಿದ ಆಯುಧವನ್ನು ತರುಣನೊಬ್ಬ ಬೆರಳ ಸಂದಿನಲ್ಲಿ, ಬೆನ್ನ ಹಿಂದೆ, ತೊಡೆಯ ಕೆಳಗೆ ತಿರುಗಿಸಿದ. ನಾಲಿಗೆಯ ಮೇಲೂ ಸವರಿದ. ಕತ್ತಿಯನ್ನು ತಿರುಗಿಸುವ ಯೋಧರ ಆಟ ಹಳೆಯದು; ಬೆಂಕಿ ಹೊಸದು. ಫ್ರೆಡ್ಡಿ ಲೆಟುಲಿ ಎಂಬ ಸಮೋವದ ಕಲಾವಿದರು 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಭ್ಯಾಸ ನಡೆಸುತ್ತಿದ್ದಾಗ, ಹತ್ತಿರದಲ್ಲಿ ಬೆಂಕಿ ನುಂಗುವ ಆಟವಾಡುತ್ತಿದ್ದ ಹಿಂದೂ ಒಬ್ಬನನ್ನು ಕಂಡು, ಅವನಿಂದ ಎಣ್ಣೆ ಪಡೆದು, ಕತ್ತಿಗೆ ಬಟ್ಟೆ ಸುತ್ತಿ ಉರಿ ಹಚ್ಚಿದರೆಂದು ಪ್ರತೀತಿ. ಹೆಸರು ತಿಳಿಯದ ಆ ನಮ್ಮವನೂ ಎಲ್ಲಿಯೋ ಹೊಟ್ಟೆಪಾಡಿಗೆ ಆಡುತ್ತಿದ್ದವನೇ. ಇಂದು ಸಮೋವದ ಮಕ್ಕಳು ಅದನ್ನು ತಮ್ಮ ನಾಡಿನ ಹೆಮ್ಮೆಯೆಂದು ಕಲಿಯುತ್ತಾರೆ. ಶುದ್ಧವೆಂದು ನಾವು ಕಾಯುವ ಎಷ್ಟು ಸಂಪ್ರದಾಯಗಳ ಬುಡದಲ್ಲಿ ಇಂಥ ಎರವಲಿನ ಎಣ್ಣೆ ಇದೆಯೋ!

ಬೆಂಕಿಯ ಕುಣಿತಕ್ಕೆ ಮೊದಲು, ಪ್ರೇಕ್ಷಕರಲ್ಲಿ ಕೆಲವರನ್ನು ರಂಗಕ್ಕೆ ಕರೆದು ಹೆಜ್ಜೆ ಹಾಕಿಸಿದರು. ನಮ್ಮ ಮೇಜಿನಿಂದ ಮಗನನ್ನೇ ಎಬ್ಬಿಸಿದರು. ಶಾಲೆಯ ವಾರ್ಷಿಕೋತ್ಸವದಲ್ಲಿಯೂ ರಂಗ ಹತ್ತದ ಹುಡುಗ! ಸೊಸೆ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ಅವನ ಸೊಂಟ ಒಂದು ಕಡೆ, ಮಂಡಿ ಒಂದು ಕಡೆ. ನಡುವಣ ವಯಸ್ಸಿನ ಒಬ್ಬ ವಾದಕ ರಂಗದ ಮಗ್ಗುಲಲ್ಲಿ ನಿಂತು ತೊಎರೆ ಬಾರಿಸುತ್ತಿದ್ದ. ನಾನು ಅಭ್ಯಾಸಬಲದಿಂದ ಅವನ ಕಡೆಗೇ ನೋಡುತ್ತಿದ್ದೆ. ಮದ್ದಳೆಗಾರನ ಮಗನ ಕಣ್ಣು ವೇಷಕ್ಕಿಂತ ಮೊದಲು ಹೋಗುವುದು ಕೈಗೆ. ಅವನು ಊಟದ ಮೇಜುಗಳ ಕಡೆ ಒಮ್ಮೆಯೂ ನೋಡಲಿಲ್ಲ. ಅಲ್ಲಿ ಯಾರು ತಿನ್ನುತ್ತಿದ್ದರು, ಯಾರು ಮಾತಾಡುತ್ತಿದ್ದರು ಎಂಬುದು ಅವನಿಗೆ ಬೇಕಾಗಿರಲಿಲ್ಲ. ಅವನ ದೃಷ್ಟಿ ನೆಲದ ಮೇಲೆ, ಕುಣಿಯುವವರ ಪಾದಗಳ ಮೇಲೆ ನೆಟ್ಟಿತ್ತು. ಮಗ ತಿರುಗಲು ಹೋಗಿ ಎಡವಿದ. ಆಗ ಆ ಕೋಲು ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಮಗನ ಕಾಲು ನೆಲಕ್ಕೆ ಊರಿದ ಗಳಿಗೆಗೆ ಸರಿಯಾಗಿ ಪೆಟ್ಟು ಬಿತ್ತು. ನೋಡುವವರಿಗೆ ಅವನು ಎಡವಿದ್ದೇ ತಿಳಿಯಲಿಲ್ಲ. ಬೇಕೆಂದೇ ಹಾಗೆ ಹೆಜ್ಜೆ ಹಾಕಿದನೆಂದು ಚಪ್ಪಾಳೆ ತಟ್ಟಿದರು. ವಾದಕನ ಮುಖದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಎಲ್ಲರೂ ಮಗನ ಕುಣಿತವನ್ನು ಆಡಿಕೊಂಡು ನಕ್ಕರು. ನಗು ಇಳಿದ ಮೇಲೆ, ಏಕೆಂದು ಹೇಳಲಾರೆ, 1986ರ ಆ ರಾತ್ರಿಯ ಕಥೆಯನ್ನು ಹೇಳಿದೆ. ಚಿಟಿಕೆ ಹೊಡೆದವರನ್ನೂ ಬೆನ್ನು ಹಾಕಿದವರನ್ನೂ ವರ್ಣಿಸಿದೆ. ಮಗ ಮಾತಾಡದೆ ಕಾರು ನಡೆಸುತ್ತಿದ್ದ. “ಇದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಿರಾ ಅಪ್ಪಯ್ಯ?” ಎಂದನಷ್ಟೆ.

ಮೊಮ್ಮಗಳು ಮಾತ್ರ ಬೇರೆಯೇ ಪ್ರಶ್ನೆ ಕೇಳಿದಳು: “ಅಜ್ಜ, ಮುತ್ತಜ್ಜ ಆ ದಿನ ಹೇಗೆ ಬಾರಿಸಿದರು? ಚೆನ್ನಾಗಿತ್ತಾ?”

ಉತ್ತರಕ್ಕೆ ಬಾಯಿ ತೆರೆದೆ, ಉತ್ತರವಿರಲಿಲ್ಲ. ತಿನ್ನುತ್ತಿದ್ದವರ ಒಂದೊಂದು ಮುಖವೂ ನನಗೆ ನೆನಪಿದೆ. ಮದ್ದಳೆಯ ಒಂದು ಪೆಟ್ಟೂ ನೆನಪಿಲ್ಲ. ಆ ಅರ್ಧ ಗಂಟೆ ಸಭಾಂಗಣದಲ್ಲಿದ್ದವರಲ್ಲಿ ಕಿವಿಗೊಡದವರ ಪೈಕಿ ನಾನೂ ಒಬ್ಬನಾಗಿದ್ದೆ. ಹಿಮ್ಮೇಳದಲ್ಲಿ ಕುಳಿತವನಿಗೆ ವೇಷಧಾರಿಯ ಬೆನ್ನಾಚೆ ಊಟದವರೆಲ್ಲ ಎದುರಿಗೇ ಕಾಣುತ್ತಿದ್ದರು. ತಂದೆಯವರು ಮಾರನೆಯ ಬೆಳಿಗ್ಗೆ ಅವರ ಸುದ್ದಿಯನ್ನೇ ಎತ್ತಲಿಲ್ಲ. ಜಮಖಾನದ ಮೇಲೆ ಕೇಳದ ಹೆಜ್ಜೆಯ ಮಾತು ಆಡಿದ್ದರು. ಜಾರಿದ ಹುಡುಗನ ಮಾತು ಆಡಿದ್ದರು. ದೂರೆಂದು ನಾನು ತಿಳಿದದ್ದು ದೂರಾಗಿರಲಿಲ್ಲ. ಅದು ಕೆಲಸದ ವರದಿ.

“ವೇಷದ ಹುಡುಗ ಒಂದು ಕಡೆ ಜಾರಿದನಂತೆ ಮಗೂ,” ಎಂದೆ. “ಮುತ್ತಜ್ಜ ಒಂದು ಪೆಟ್ಟು ತಡೆದು ಹಿಡಿದರಂತೆ.”

“ಇವತ್ತು ಅಪ್ಪನನ್ನು ಆ ಮಾವ ಹಿಡಿದರಲ್ಲ, ಹಾಗೆಯಾ?”

ಅವಳೂ ಅದನ್ನು ನೋಡಿದ್ದಳು.

“ಹೌದು,” ಎಂದೆ, “ಹಾಗೆಯೇ.”